ಪಾಂಡವಪುರದ ಯುದ್ಧನೌಕೆಗಳು

ಹೋದ ತಿಂಗಳು ಮಾಕವಳ್ಳಿಯ ನಮ್ಮ ಮನೆಯ ಬಾಗಿಲುಗಳಿಗೆ ಬಣ್ಣ ಹೊಡೆಸಿದೆ. ಪೇಂಟರು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ಎದ್ದು ಜಗಲಿಗೆ ಬಂದುಬಿಟ್ಟೆ. ತಲೆನೋವೇ ಎಂದು ಹೆಂಡತಿ ಕೇಳಿದಳು. ತಲೆನೋವಲ್ಲ... ಪಾಂಡವಪುರದ ಆಚಾರ್ರು ನೆನಪಾಗಿದ್ದರು.

ನಾನು ಅಲ್ಲಿಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ಅವರು ಪಕ್ಕದ ಮನೆಯಲ್ಲಿದ್ದರು. ಬಾಗಿಲು, ಕಿಟಕಿ ಮಾಡುವ ಬಡಗಿ. ಸಂಜೆ ಉಳಿ, ಸುತ್ತಿಗೆ ಎತ್ತಿಟ್ಟು, ಕೈಕಾಲು ತೊಳೆದು, ಟರ್ಪೆಂಟೈನಿನಲ್ಲಿ ಬಣ್ಣ ಕಲಸಿ ಬ್ರಷ್ ಹಿಡಿಯುತ್ತಿದ್ದರು. ಯಾರೂ ಕಲಿಸಿದ್ದಲ್ಲ. ನನ್ನ ಚರಿತ್ರೆ ಪುಸ್ತಕದಲ್ಲಿ ಬೆಂಕಿಪೊಟ್ಟಣದಷ್ಟಿದ್ದ ಒಂದು ಹಡಗಿನ ಚಿತ್ರ ನೋಡಿಕೊಂಡು, ಬಾಗಿಲಗಲದ ಪ್ಲೈವುಡ್ಡಿನ ಮೇಲೆ ಮೂರು ಯುದ್ಧನೌಕೆಗಳನ್ನು ಬರೆಯತೊಡಗಿದರು. ಗಾಳಿ ತುಂಬಿದ ಹಾಯಿಗಳು, ಫಿರಂಗಿಯ ಕಿಂಡಿಗಳು, ಹಲಗೆಗೆ ಹಲಗೆ ಕೂಡುವ ಸಂದು... ಹಡಗನ್ನು ತಾವೇ ಕಟ್ಟಿದವರಂತೆ ಬರೆದಿದ್ದರು. ಸಮುದ್ರವನ್ನು ಮಾತ್ರ ಅವರು ಕಂಡವರೇ ಅಲ್ಲ.

"ಹಡಗೇ ಯಾಕೆ ಆಚಾರ್ರೇ?" ಎಂದು ಒಮ್ಮೆ ಕೇಳಿದೆ.

"ನೆಲದ್ ಮ್ಯಾಲೆ ಮರ ಬಾಗ್ಲಾಯ್ತದೆ, ಕಿಟ್ಕಿಯಾಯ್ತದೆ. ನೀರಿಗಿಳುದ್ರೆ ಅದೇ ಮರ ಒಂದು ಊರೇ ಆಯ್ತದೆ ಕಣ್ ಮೇಷ್ಟ್ರೇ."

ಒಂದು ವರ್ಷವೇ ಹಿಡಿಯಿತು. ಮುಗಿದಾಗ ಅವರಿಗಿಂತ ಹೆಚ್ಚಿನ ಹೆಮ್ಮೆ ನನಗೆ. ನಮ್ಮ ಶಾಲೆಯ ಗುಮಾಸ್ತರ ಅಣ್ಣ ನೌಕಾಪಡೆಯಿಂದ ನಿವೃತ್ತರಾಗಿ ನಾಗಮಂಗಲಕ್ಕೆ ಬಂದಿದ್ದರು. ಒಂದು ಭಾನುವಾರ ಅವರನ್ನು ಒತ್ತಾಯ ಮಾಡಿ ಕರೆತಂದೆ. ಆಚಾರ್ರು ಒಗೆದ ಅಂಗಿ ತೊಟ್ಟು ಕಾಯುತ್ತಿದ್ದರು. ಬೀದಿಯ ಏಳೆಂಟು ಜನವೂ ಸೇರಿದ್ದರು.

ಬಂದವರು ಬಹಳ ಹೊತ್ತು ನೋಡಿದರು. "ಹಡಗೇನೋ ಚೆಂದಾಗದೆ. ಆದ್ರೆ ಹಾಯಿ ಮುಂದುಕ್ಕೆ ಉಬ್ಕಂಡದೆ, ಬಾವುಟ ಹಿಂದುಕ್ಕೆ ಹಾರ್ತಾವೆ. ಗಾಳಿ ಎಲ್ಡ್ ಕಡೆಯಿಂದ್ಲೂ ಬೀಸ್ತದಾ?" ಎಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಓಡುವ ಟ್ರಾಕ್ಟರಿಗೆ ಕಟ್ಟಿದ ಬಾವುಟ ಹಿಂದಕ್ಕೆ ಹಾರುವುದನ್ನು ನೋಡಿ ಆಚಾರ್ರು ಹಾಗೆ ಬರೆದಿದ್ದರು. ನನ್ನ ಕಡೆ ಒಮ್ಮೆ ನೋಡಿ, ಚಿತ್ರವನ್ನು ಗೋಡೆಗೆ ಮುಖ ಮಾಡಿ ಒರಗಿಸಿಟ್ಟರು. ಆಮೇಲೆ ಸಂಜೆ ಹೊತ್ತು ಅವರು ಬ್ರಷ್ ಹಿಡಿದದ್ದನ್ನು ನಾನು ಕಾಣಲಿಲ್ಲ. ಹೋಗಿ ತಪ್ಪಾಯಿತು ಎನ್ನಬೇಕೆಂದು ದಿನವೂ ಅಂದುಕೊಂಡೆ... ಅಷ್ಟರಲ್ಲಿ ಕೆ.ಆರ್. ಪೇಟೆ ಕಡೆಗೆ ವರ್ಗವಾಯಿತು. ಹೇಳದೆಯೇ ಹೊರಟುಬಿಟ್ಟೆ. ಎಷ್ಟೋ ವರ್ಷ ಅವರ ಆ ನೋಟ ನನ್ನನ್ನು ಬಿಡಲಿಲ್ಲ.

ಬಣ್ಣದ ಕೆಲಸ ಮುಗಿದ ಮಾರನೆಯ ದಿನ ಪಾಂಡವಪುರದ ಬಸ್ಸು ಹತ್ತಿದೆ. ಬಾಗಿಲು ತೆಗೆದವಳು ಆಚಾರ್ರ ಮಗಳು. ಗುರುತು ಹಿಡಿದು ಒಳಗೆ ಕರೆದಳು. "ಅಪ್ಪ ಓಗಿ ನಾಕ್ ವರ್ಸ ಆಯ್ತು ಮೇಷ್ಟ್ರೇ" ಎಂದಳು. ನಾನು ತಲೆ ತಗ್ಗಿಸಿ ನಿಂತೆ.

ಆಮೇಲೆ ತಲೆಯೆತ್ತಿದೆ. ನಡುಮನೆಯ ಗೋಡೆಯ ಮೇಲೆ ಆ ಮೂರು ಹಡಗುಗಳಿದ್ದವು. ಬಾವುಟಗಳೆಲ್ಲ ಮುಂದಕ್ಕೆ ಹಾರುತ್ತಿದ್ದವು!

"ನೀವು ಊರ್ ಬುಟ್ ಓದ್ಮೇಲೆ ತೊಣ್ಣೂರು ಕೆರೇಗ್ ಓಗಿದ್ರು" ಎಂದಳು. "ತೆಪ್ಪಕ್ಕೆ ಕೋಲು ನಿಲ್ಸಿ ಪಂಚೆ ಕಟ್ಟಿ, ತುದೀಗೆ ನಮ್ಮವ್ವನ ಸೀರೆ ಚೂರು ಕಟ್ಟವ್ರೆ. ಅದು ಮುಂದುಕ್ಕೇ ಆರ್ತಂತೆ. ನೀರಲ್ ನೆನ್ಕಂಡು ಬಂದು, 'ಆವಯ್ಯ ಏಳಿದ್ದೇ ದಿಟ ಕಣವ್ವ' ಅಂತ ಕುಣುದ್ಬುಟ್ರು."

"ಆಮೇಲೂ ಬರೆದರೇನಮ್ಮ?"

ಅವಳು ಪಕ್ಕದ ಕೋಣೆಯ ಬಾಗಿಲು ತಳ್ಳಿದಳು. ನಾಲ್ಕೂ ಗೋಡೆಗೆ ಹಡಗುಗಳೇ. "ಕೈ ನಡುಗೋಗಂಟ ಬರುದ್ರು. ಮೇಷ್ಟ್ರು ಬಂದ್ರೆ ತೋರ್ಸವ್ವ ಅಂತಿದ್ರು. ನೀವೇ ಬರ್ಲಿಲ್ಲ."

"ಅವತ್ತು ನಾನೂ ನಕ್ಕಿದ್ದೆನಮ್ಮ..."

"ಗೊತ್ತು. ಅಪ್ಪನೂ ಅದನ್ನ ಏಳ್ಕಂಡು ನಗೋರು."

ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಎದೆ ಹಗುರಾಗಿತ್ತು, ಕಣ್ಣು ತುಂಬಿತ್ತು. ಈ ಅಲೆ ಚೆನ್ನಾಗಿದೆ, ಆ ಹಗ್ಗ ಚೆನ್ನಾಗಿದೆ ಎಂದು ಅವರಿಗೆ ಹೇಳಬೇಕಾಗಿದ್ದುದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಒಂದೊಂದೇ ಚಿತ್ರದ ಧೂಳನ್ನು ಸೆರಗಿನಿಂದ ಒರೆಸುತ್ತ ಕೇಳಿಸಿಕೊಂಡಳು.