ಹಿಮದಡಿಯ ಹುಲ್ಲು

ಡಾರ್ಕಸ್ ಹುಟ್ಟಿದ್ದೂ ಮದುವೆಯಾಗಿ ಸೇರಿದ್ದೂ ಡೆಲವೇರ್ ಕೊಲ್ಲಿಯ ಉಪ್ಪುಜೌಗಿನ ಅಂಚಿನಲ್ಲೇ. ಅಲ್ಲಿ ಹೆಣ್ಣುಮಕ್ಕಳಿಗೆ ಅಡುಗೆಗಿಂತ ಮೊದಲು ಹುಲ್ಲಿನ ಗುರುತು ಕಲಿಸುತ್ತಾರೆ. ನೂಲಿನಂತೆ ಸಣ್ಣಗಿದ್ದು ಸುಳಿಸುಳಿಯಾಗಿ ಮಲಗಿದ್ದರೆ ಮೇವಿನ ಹುಲ್ಲು. ಅದರಡಿ ನೆಲ ಗಟ್ಟಿ. ಬೆರಳು ದಪ್ಪದ ಕಡ್ಡಿಯಾದರೆ ಒರಟು ಹುಲ್ಲು. ಅದರಡಿ ಚಳಿಗೂ ಹೆಪ್ಪುಗಟ್ಟದ, ಕುದುರೆಯನ್ನೂ ನುಂಗುವ ಕೆಸರು. ಎರಡೂ ವರ್ಷವರ್ಷ ಅದೇ ಬೇರಿನಿಂದ ಚಿಗುರುವುದರಿಂದ ಗುರುತು ತಪ್ಪದು ಎಂದು ಅಲ್ಲಿನವರ ನಂಬಿಕೆ. ನಂಬುವುದಕ್ಕೇನು, ಖರ್ಚೇ?

ಬೇಸಿಗೆಯಲ್ಲಿ ಕೊಯ್ದ ಮೇವನ್ನು ಜೌಗಿನಲ್ಲೇ ಬಣವೆ ಒಟ್ಟಿ, ಚಳಿಗೆ ನೆಲ ಹೆಪ್ಪುಗಟ್ಟಿದ ಮೇಲೆ ಜಾರುಬಂಡಿಯಲ್ಲಿ ತರುವುದು ವಾಡಿಕೆ. ಆದರೆ ಕಡಲಿನ ಒಡ್ಡು ಒಡೆದು ಕೆಲವು ವರ್ಷವಾಗಿತ್ತು. ಉಪ್ಪುನೀರು ನುಗ್ಗಿ ಯಾವ ಹುಲ್ಲು ಎಲ್ಲಿಗೆ ಸರಿದಿದೆಯೋ ಯಾರಿಗೂ ತಿಳಿಯದು. ಅದರ ಮೇಲೆ ಹಿಮ ಬೇರೆ. ಡಾರ್ಕಸ್ ಮುಂದೆ ನಡೆದು ಸಲಿಕೆಯಿಂದ ಹಿಮ ಕೆರೆದು ನೋಡಬೇಕು. ಗಂಡ ಇನಕ್ ಹಿಂದೆ ಕುದುರೆ ಕಟ್ಟಿದ ಬಂಡಿ ಹೊಡೆಯಬೇಕು. ಅವಳ ಕಣ್ಣು ತಪ್ಪಿದರೆ ಅವನ ಕಥೆ ಮುಗಿಯಿತು.

“ಹಿಮ ಕೆರೀತಿದೀಯೋ, ಮೊಟ್ಟೆಗೆ ಕಾವು ಕೊಡ್ತಿದೀಯೋ? ಉಬ್ಬರ ಬರೋ ಹೊತ್ತಾಯ್ತು ಕಣೇ.”

“ಬಾಯ್ಮುಚ್ಕೊಂಡು ನಿಂತ್ಕೋ. ಮುಳುಗೋನು ನೀನು, ನಾನಲ್ಲ.”

ಹಳೆಯ ದಾರಿಯಲ್ಲಿ ದಪ್ಪ ಕೂಳೆ ಕಂಡಿತು. ಅವಳು ಎಡಕ್ಕೆ ಸರಿದು ಮತ್ತೆ ಕೆರೆದಳು. ಸಣ್ಣ ಹುಲ್ಲು, ಚೆಂದದ ಸುಳಿ.

“ಈ ಕಡೆ ಬಾ. ಗಟ್ಟಿ ಇದೆ.”

ಕುದುರೆ ಕಿವಿ ಹಿಂದಕ್ಕೆ ಮಡಚಿ ನಿಂತುಬಿಟ್ಟಿತು. ಡಾರ್ಕಸ್ ಹುಲ್ಲಿನತ್ತ ಇನ್ನೊಮ್ಮೆ ಕಣ್ಣು ಹಾಯಿಸಿದಳು. ಆದರೂ ಕಣ್ಣಾರೆ ಕಂಡದ್ದನ್ನು ಬಿಟ್ಟು ಕುದುರೆಯ ಮಾತು ಕೇಳುವುದುಂಟೇ?

“ನಿನಗಿಂತ ತನಗೇ ಜಾಸ್ತಿ ಗೊತ್ತು ಅಂತಿದೆ ನೋಡು ಈ ಕುದುರೆ,” ಎಂದು ನಗುತ್ತ ಇನಕ್ ಲಗಾಮು ಜಗ್ಗಿದ.

ಕುದುರೆ ಮುಂಗಾಲಿಟ್ಟಿತು, ಕುಸಿಯಿತು. ಬಂಡಿ ಮಗುಚಿ ಇನಕ್ ಎದೆಮಟ್ಟ ಕೆಸರಿಗೆ ಬಿದ್ದ. ಅವಳು ಹೊಟ್ಟೆಯ ಮೇಲೆ ಮಲಗಿ ಸಲಿಕೆಯ ಹಿಡಿಯನ್ನು ಅವನತ್ತ ಚಾಚಿದಳು. ಇನ್ನೊಂದು ಕೈಯಲ್ಲಿ ಆಸರೆಗೆ ಹುಲ್ಲನ್ನು ಬಾಚಿ ಹಿಡಿದಳು. ಅವನು ಜಗ್ಗಿದ. ಹುಲ್ಲು ಹಾಗೇ ಕೈಗೆ ಬಂತು, ಅದಕ್ಕೆ ಬೇರೇ ಇರಲಿಲ್ಲ. ಬಿರುಗಾಳಿ ಯಾವುದೋ ಬಣವೆಯಿಂದ ಹಾರಿಸಿ ತಂದು ಹಾಸಿದ ಒಣಮೇವು ಅದು. ಅದರ ಕೆಳಗೆ ಬೆರಳು ದಪ್ಪದ ಕೂಳೆ. ಎಳೆದು ನೋಡಲು ಒಂದು ಗಳಿಗೆ ಸಾಕಿತ್ತು, ಪಾಪಿ ನೋಡಿರಲಿಲ್ಲ.

“ಗಟ್ಟಿ ಅಂದ್ಯಲ್ಲೇ, ಡಾರ್ಕಸ್,” ಎಂದ ಅವನು. ಬೈಯಲಿಲ್ಲ, ಸುಮ್ಮನೆ ಕೇಳಿದ. ಅಷ್ಟರಲ್ಲಿ ಉಬ್ಬರದ ನೀರು ಅವನ ಗಂಟಲಿಗೆ ಬಂದಿತ್ತು.