ಅವ್ವ ನಿಲ್ಲಿಸಿದ ಮಷೀನು

ಇವತ್ತು ಗಿಟಾರಿನ ತಂತಿ ಬಿಗಿಯುವ ಕೀಲಿಗಳಿಗೆ ಒಂದೊಂದು ಹನಿ ಮಷೀನ್ ಎಣ್ಣೆ ಬಿಡುತ್ತಿದ್ದೆ. ಆ ವಾಸನೆಗೆ ಕೊಟ್ಟೂರಿನ ನಮ್ಮ ಪಡಸಾಲೆಯೇ ಕಣ್ಣೆದುರಿಗೆ ಬಂತು.

ಅಲ್ಲಿ ಅವ್ವ ದಿನವಿಡೀ ಹೊಲಿಗೆ ಮಷೀನು ತುಳಿಯುತ್ತಿದ್ದಳು. ಹರಪನಹಳ್ಳಿಯ ಮಾವ ಕೊಟ್ಟ ಹಳೇ ಗಿಟಾರು ಹಿಡಿದು ನಾನು ಮೂಲೆಯಲ್ಲಿ ಕೂರುತ್ತಿದ್ದೆ. ಕಲಿಸುವವರು ಯಾರೂ ಇರಲಿಲ್ಲ. ಮಷೀನು ಓಡಿದಂತೆ ನನ್ನ ಬೆರಳುಗಳೂ ಓಡುತ್ತಿದ್ದವು. ಅವಳು ದಾರ ಕಡಿಯಲು ನಿಂತರೆ ನಾನೂ ನಿಲ್ಲುತ್ತಿದ್ದೆ.

ಒಂದಿನ ನುಡಿಸಿದ್ದನ್ನು ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡು ಕೇಳಿದೆ. ಗಿಟಾರಿಗಿಂತ ಮಷೀನಿನ ಸದ್ದೇ ಜೋರಾಗಿತ್ತು.

"ಎಲ್ಲಾ ಕೆಡಿಸಿದಿ ನೋಡವ್ವ" ಅಂತ ಸಿಡುಕಿದೆ.

ಶಾಲೆ ಶುರುವಾಗುವ ದಿನಗಳು. ಯೂನಿಫಾರ್ಮಿನ ಬಟ್ಟೆ ರಾಶಿ ಬಿದ್ದಿತ್ತು. ಆದರೂ ಅವ್ವ ಗಾಲಿಯ ಮೇಲೆ ಅಂಗೈ ಇಟ್ಟು ಮಷೀನು ನಿಲ್ಲಿಸಿದಳು. ಮಡಿಲಲ್ಲಿ ಕೈ ಇಟ್ಟುಕೊಂಡು ಸುಮ್ಮನೆ ಕೂತಳು. ನಾನು ಅದೇ ಕ್ಯಾಸೆಟ್ಟಿನ ಮೇಲೆ, ಮೊದಲಿನದನ್ನು ಅಳಿಸಿ, ಮತ್ತೆ ನುಡಿಸಿದೆ.

ಅವ್ವ ಈಗಿಲ್ಲ. ನಾನು ಮನೆಯಲ್ಲೇ ಕೂತು, ಬೀದಿಯ ಸದ್ದು, ಗಾಳಿಯ ಸದ್ದು ಗಿಟಾರಿನ ಜೊತೆ ಬೆರೆಸಿ ಮಾತಿಲ್ಲದ ಸಂಗೀತ ರೆಕಾರ್ಡ್ ಮಾಡುತ್ತೇನೆ. ಅವಳ ಮಷೀನಿನ ಸದ್ದೂ ಬೇಕೆನಿಸಿ ನಾನೇ ತುಳಿದು ನೋಡಿದ್ದೇನೆ. ಅವಳ ಓಟ ನನ್ನ ಕಾಲಿಗೆ ಬರಲಿಲ್ಲ.

ಕೈಯ ಎಣ್ಣೆ ಒರೆಸಿಕೊಂಡು ಆ ಹಳೇ ಕ್ಯಾಸೆಟ್ಟು ಹಾಕಿದೆ. ಬರೀ ಗಿಟಾರು, ಅದೂ ತಾಳ ತಪ್ಪಿ ಎಡವುತ್ತಿತ್ತು. ಕೊನೆಗೆ, ಅಂದು ನಾನು ನಿಲ್ಲಿಸುವ ಗುಂಡಿ ಒತ್ತುವ ಮೊದಲು, ಅವ್ವ ಮೆಲ್ಲಗೆ ಕೇಳುತ್ತಾಳೆ:

"ಮುಗೀತೇನು ಮಗಳ? ಇನ್ನ ನಾ ಹೊಲೀಲೇನು?"