ರಂಗವ್ವ ಆರಿಸಿ ತಂದ ರ‍್ಯಾಚೆಟ್

ಬಾದಾಮಿ ಊರಿನಿಂದ ರೈಲು ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ಹುಲ್ಲಪ್ಪನ ಲಾರಿ ಗ್ಯಾರೇಜು ಇತ್ತು. ನಾಲ್ಕು ಬೇವಿನ ಕಂಬ, ಮೇಲೆ ತಗಡು, ಕೆಳಗೆ ಡೀಸೆಲ್ ಕುಡಿದು ಕಪ್ಪಾದ ನೆಲ. ಬೋರ್ಡಿನ ಮೇಲೆ ಹುಲ್ಲಪ್ಪನ ಹೆಸರೊಂದೇ. ಆದರೆ ೧೯೮೨ರ ಹೊತ್ತಿಗೆ ಆ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ ಕೈಗಳು ಅವನ ಹೆಂಡತಿ ರಂಗವ್ವನವು. ಇದು ಗಿರಾಕಿಗಳಿಗೆ ಗೊತ್ತಾಗದ ಹಾಗೆ ಇಬ್ಬರೂ ನೋಡಿಕೊಂಡಿದ್ದರು. ಲಾರಿಯವರು ಚಹಾ ಕುಡಿಯಲು ಹೋದದ್ದೇ ತಡ, ಆಕೆ ಎಂಜಿನ್ನಿನೊಳಗೆ ಕೈ ಹಾಕುವಳು. ಅವರು ಮೀಸೆ ಒರೆಸಿಕೊಳ್ಳುತ್ತ ತಿರುಗಿ ಬರುವಷ್ಟರಲ್ಲಿ ಕೈ ತೊಳೆದು, ಬುತ್ತಿಗಂಟಿನ ಪಕ್ಕ ಏನೂ ಅರಿಯದವಳಂತೆ ಕೂತಿರುವಳು. ಕದ್ದು ತಿನ್ನುವವರನ್ನು ಎಲ್ಲರೂ ಕಂಡಿದ್ದಾರೆ, ಕದ್ದು ದುಡಿಯುವವಳು ಬಾದಾಮಿಯಲ್ಲಿ ಈಕೆಯೊಬ್ಬಳೇ.

ರಂಗವ್ವ ತುಳಸಿಗೇರಿಯ ಕಡೆಯ ಕುರಿ ಕಾಯುವ ಮನೆತನದ ಮಗಳು. ಮರಿ ಹೊಟ್ಟೆಯಲ್ಲಿ ಅಡ್ಡ ತಿರುಗಿ ಕುರಿ ಒದ್ದಾಡುವಾಗ ಅಪ್ಪ ಮಲಕಪ್ಪನ ದಪ್ಪ ಕೈ ಒಳಗೆ ಹೋಗುತ್ತಿರಲಿಲ್ಲ. "ರಂಗೀ, ನೀ ಕೈ ಹಾಕು. ಕಣ್ಣ ಮುಚ್ಚು. ಬೆರಳಿಗೆ ಏನ ಸಿಗತೈತಿ ಅದನ್ನ ಹೇಳು" ಎನ್ನುತ್ತಿದ್ದ. ಹನ್ನೊಂದನೆಯ ವಯಸ್ಸಿಗೇ ಆಕೆಯ ಬೆರಳುಗಳಿಗೆ ಕಾಲು ಯಾವುದು, ಮೂತಿ ಯಾವುದು, ಯಾವುದನ್ನು ಹಿಂದೆ ತಳ್ಳಬೇಕು, ಯಾವುದನ್ನು ಮೆಲ್ಲಗೆ ಮುಂದೆ ತರಬೇಕು ಎಂಬುದು ತಿಳಿದುಹೋಗಿತ್ತು. ಹುಲ್ಲಪ್ಪನನ್ನು ಮದುವೆಯಾಗಿ ಬಂದ ಮೇಲೆ ಒಂದು ದಿನ ರೊಟ್ಟಿ ಕೊಡಲು ಗ್ಯಾರೇಜಿಗೆ ಹೋದಳು. ಎಂಜಿನ್ನಿನ ಸಂದಿಗೆ ಬಿದ್ದ ಬೋಲ್ಟಿಗಾಗಿ ಅವನು ಮುಂಜಾನೆಯಿಂದ ಬೈಯುತ್ತಿದ್ದ. ಆಕೆ ಬಳೆ ಮೇಲೇರಿಸಿ ಕೈ ಇಳಿಬಿಟ್ಟು ಎಲೆಅಡಿಕೆ ಜಗಿಯುವಷ್ಟರಲ್ಲಿ ಅದನ್ನು ಎತ್ತಿ ಕೊಟ್ಟಳು. ಅಂದಿನಿಂದ ರೊಟ್ಟಿ ಒಯ್ಯುವುದು ಬರೀ ನೆವವಾಯಿತು.

ಎರಡು ವರ್ಷದ ಹಿಂದೆ ಜಾಕು ಜಾರಿ ಹುಲ್ಲಪ್ಪನ ಬಲಗೈ ಹೆಬ್ಬೆರಳು ಜಜ್ಜಿಹೋಯಿತು. ಗಾಯ ಮಾಯಿತು, ಬೆರಳು ಮಡಿಚಲಿಲ್ಲ. ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ಅವನ ಕಿವಿ ಮಾತ್ರ ಮೊದಲಿನಂತೆಯೇ ಇತ್ತು. ಹೇಳುವುದು ಅವನ ಪಾಲಿಗೆ, ಮಾಡುವುದು ಈಕೆಯ ಪಾಲಿಗೆ ಬಂತು. "ಹುಲ್ಲಪ್ಪನ ಕೈ ಹೋತಂತ" ಎಂದು ಸುದ್ದಿ ಹಬ್ಬಿ ಗಿರಾಕಿಗಳು ಒಬ್ಬೊಬ್ಬರೇ ಕಳಚಿಕೊಂಡರು. ಗಟ್ಟಿಯಾಗಿ ಉಳಿದವನೆಂದರೆ ಇಳಕಲ್ಲಿನ ಕಲ್ಲಿನ ವ್ಯಾಪಾರಿ ಈರಪ್ಪ ಸಾವಕಾರ. ಅವನ ಬಳಿ ಮೂರು ಲಾರಿಗಳಿದ್ದವು.

ಆ ಮೂರರಲ್ಲಿ ಒಂದು ಲಾರಿ ಬುಧವಾರ ಡೀಸೆಲ್ ಸುರಿಸುತ್ತ ಬಂದು ನಿಂತಿತು. ಸೋರುತ್ತಿದ್ದುದು ಡೀಸೆಲ್ ಎತ್ತುವ ಸಣ್ಣ ಪಂಪು ಎಂಜಿನ್ನಿಗೆ ಕೂಡುವ ಜಾಗದಲ್ಲಿ. ಪಂಪು ಬಿಚ್ಚಿ ಒಳಗಿನ ಪ್ಯಾಕಿಂಗು ಬದಲಿಸಿದರೆ ಮುಗಿಯಿತು. ಆದರೆ ಅದನ್ನು ಹಿಡಿದ ನಾಲ್ಕು ನಟ್ಟುಗಳಲ್ಲಿ ನಾಲ್ಕನೆಯದು ಪಂಪಿನ ಬೆನ್ನಿಗೆ, ಚಾಸಿಗೂ ಒಂದು ಪೈಪಿಗೂ ನಡುವೆ ಅವಿತುಕೊಂಡಿತ್ತು. ಕಣ್ಣಿಗೆ ಕಾಣದು. ನಟ್ಟು ಬಿಚ್ಚುವ ಪಾನಾ ಹಾಕಬಹುದು, ತಿರುಗಿಸಲು ಜಾಗವಿಲ್ಲ. ಹುನಗುಂದದ ಮಿಸ್ತ್ರಿ, ಇಳಕಲ್ಲಿನ ಮಿಸ್ತ್ರಿ ಇಬ್ಬರೂ ಎಂಜಿನ್ ಕೆಳಗಿಳಿಸದೆ ಆಗದು ಎಂದು ಕೈ ಚೆಲ್ಲಿದ್ದರು.

"ಎಂಜಿನ್ ಇಳಸೂದಾದ್ರ ನಿನ್ನ ಕಡೆ ಯಾಕ ಬರ್ಲಿ?" ಎಂದ ಲಾರಿಯ ಜೊತೆಗೇ ಬಂದಿದ್ದ ಈರಪ್ಪ. "ಶುಕ್ರವಾರ ಬರ್ತೇನಿ. ಇಳಸದ ಮಾಡಿದ್ರ ಮೂರೂ ಗಾಡಿ ಕೆಲಸ ನಿನಗ. ಆಗಲಿಲ್ಲಂದ್ರ ಮೂರೂ ಬ್ಯಾರೆ ಕಡೆ ಹೋಗ್ತಾವ. ಸಿಟ್ಟಾಗಬ್ಯಾಡ ಹುಲ್ಲಪ್ಪ, ನಿನ್ನ ಕೈ ಮೊದಲಿನಂಗಿಲ್ಲ."

ಹುಲ್ಲಪ್ಪ ತಲೆ ಬಗ್ಗಿಸಿದ. ಬುತ್ತಿಗಂಟಿನ ಪಕ್ಕ ಕೂತ ರಂಗವ್ವ ಲೆಕ್ಕ ಹಾಕಿದಳು. ಈರಪ್ಪ ಹೋದರೆ ತಗಡು ಬಿಚ್ಚಿ ಗ್ಯಾರೇಜು ಮುಚ್ಚುವುದೊಂದೇ ದಾರಿ. ಗಂಡ ಎಲ್ಲಾದರೂ ಕಾವಲಿಗೆ ಕೂತು ಹೊಟ್ಟೆ ಹೊರೆಯುತ್ತಾನೆ. ಆದರೆ ತಾನು? ಎಂಜಿನ್ನಿನ ಸಂದಿಯಲ್ಲಿ ಕೈಯಿಳಿಸಿ, ಕಾಣದ್ದನ್ನು ಬೆರಳಿನಿಂದಲೇ ಕಂಡುಹಿಡಿಯುವ ಆ ಕೆಲಸವೆಂದರೆ ಆಕೆಗೆ ಜೀವ. ಅದನ್ನು ಬಿಟ್ಟು ಬರೀ ಒಲೆ ಮುಂದೆ ಕೂಡುವುದನ್ನು ನೆನೆದರೇ ಅಳು ಬರುತ್ತಿತ್ತು.

ಆ ಮಧ್ಯಾಹ್ನವೇ ಲಾರಿಯ ಕೆಳಗೆ ನುಗ್ಗಿ ಕೈಯಿಂದ ಜಾಗ ಅಳೆದಳು. ಬೇಕಾದ್ದು ರ‍್ಯಾಚೆಟ್. ಅದನ್ನು ನಟ್ಟಿಗೆ ಒಮ್ಮೆ ತೊಡಿಸಿದರೆ ಮತ್ತೆ ತೆಗೆಯುವ ಕೆಲಸವಿಲ್ಲ, ಹಿಡಿಕೆಯನ್ನು ಆಚೀಚೆ ಆಡಿಸಿದರೆ ಸಾಕು. ಹೋಗುವಾಗ ನಟ್ಟು ತಿರುಗುತ್ತದೆ, ಬರುವಾಗ ಕಿರ್ರೆಂದು ಖಾಲಿ ಬರುತ್ತದೆ. ಗ್ಯಾರೇಜಿನಲ್ಲಿದ್ದ ಅರ್ಧ ಇಂಚಿನ ಚೌಕ ಮೂತಿಯ ರ‍್ಯಾಚೆಟ್ಟಿನ ತಲೆ ಆ ಸಂದಿಯಲ್ಲಿ ಹಿಡಿಸುವಂತಿರಲಿಲ್ಲ. ಕಾಲು ಇಂಚಿನದು ಬೇಕು, ಅದೂ ಎಂಥದ್ದೋ ಒಂದಾದರೆ ನಡೆಯದು. ಕೊಳ್ಳುವ ಮೊದಲೇ ಹಾಕಿ ನೋಡಲೆಂದು ರಂಗವ್ವ ಎಣ್ಣೆಯ ಹಳೆಯ ಡಬ್ಬಿಯೊಂದನ್ನು ಸಂದಿಯ ಅಳತೆಗೆ ಕತ್ತರಿಸಿ ಬಡಿದಳು. ಒಳಗೆ ಅದೇ ಅಳತೆಯ ನಟ್ಟು ಬೋಲ್ಟು ಕೂಡಿಸಿದಳು, ಅಡ್ಡಲಾಗಿ ಒಂದು ಪೈಪಿನ ತುಂಡು ಕಟ್ಟಿದಳು, ಕೈ ಹೋಗುವಷ್ಟು ತೂತು ಬಿಟ್ಟಳು. ಗುರುವಾರ ಮುಂಜಾನೆ ಬಾಗಲಕೋಟೆಯ ರೈಲು ಹತ್ತುವಾಗ ಡಬ್ಬಿ ಆಕೆಯ ಕಂಕುಳಲ್ಲಿತ್ತು.

"ಉದ್ದನ ಹಿಡಿಕೀದು ತಗೊಂಬಾ, ಜೋರ ಸಿಗತೈತಿ" ಎಂದು ಹುಲ್ಲಪ್ಪ ಕಿಟಕಿಯ ಹೊರಗಿನಿಂದ ಕೂಗಿದ. ಗಂಡಸರಿಗೆ ಉದ್ದನೆಯ ಹಿಡಿಕೆ ಸಿಕ್ಕಿದರೆ ಸಾಕು, ಜಗತ್ತು ಅದರಿಂದಲೇ ತಿರುಗುತ್ತದೆ ಎಂಬ ಭ್ರಮೆ. ರಂಗವ್ವ ಹೂಂ ಎಂದಳು, ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಬಾಗಲಕೋಟೆಯ ಪೇಟೆಯಲ್ಲಿ ಹೊಳಬಸಪ್ಪನ ಸಾಮಾನಿನ ಅಂಗಡಿ ದೊಡ್ಡದು. ಡಬ್ಬಿ ಹೊತ್ತು ಮೆಟ್ಟಿಲೇರಿದ ಹೆಂಗಸನ್ನು ಕಂಡು ಅವನು, "ಡಬ್ಬಿ ಬೆಸಿಯಾವ ಆಚಿ ಓಣ್ಯಾಗ ಕುಂದರ್ತಾನವ್ವಾ" ಎಂದ.

"ಬೆಸಿಗಿ ಬ್ಯಾಡ್ರಿ. ಕಾಲಿಂಚಿನ ರ‍್ಯಾಚೆಟ್ ತೋರಸ್ರಿ. ಎಷ್ಟ ನಮೂನಿ ಅದಾವ, ಅಷ್ಟೂ ತಗೀರಿ."

ಅಂಗಡಿಯಲ್ಲಿದ್ದ ನಾಲ್ಕಾರು ಗಿರಾಕಿಗಳು ಈ ಕಡೆ ತಿರುಗಿದರು. ಹೊಳಬಸಪ್ಪ ಕನ್ನಡಿಯಂತೆ ಹೊಳೆಯುವ ಗೇಣುದ್ದದ್ದೊಂದನ್ನು ಮುಂದಿಟ್ಟ. ರಂಗವ್ವ ಅದರ ಚೌಕದ ಮೂತಿಗೆ ನಟ್ಟನ್ನು ಕಚ್ಚಿ ಹಿಡಿಯುವ ಗೋಟಿ ಸಿಕ್ಕಿಸಿ, ಕಣ್ಣು ಮುಚ್ಚಿ, ಕೈಯನ್ನು ಡಬ್ಬಿಯೊಳಗೆ ತೂರಿಸಿದಳು. ಹಿಡಿಕೆಯ ಬಾಲ ಡಬ್ಬಿಗೆ ಖಣ್ಣೆಂದು ಬಡಿಯಿತು. "ಇದಕ್ಕ ಅಂಗಳಾ ಬೇಕ್ರಿ" ಎಂದು ಹೊರಗೆಳೆದಳು.

ಎರಡನೆಯದರ ಹಿಡಿಕೆ ಗಿಡ್ಡ. ಆದರೆ ಒಳಗಿನ ಹಲ್ಲು ದೊಡ್ಡವು. ಕಿವಿಯ ಹತ್ತಿರ ಹಿಡಿದು ತಿರುಗಿಸಿದಳು. ಟಕ್ ಎಂದ ಮೇಲೆ ಇನ್ನೊಂದು ಟಕ್ ಬರಬೇಕಾದರೆ ಹಿಡಿಕೆ ಎರಡು ಬೆರಳಿನಷ್ಟು ಸರಿಯಬೇಕು. ಡಬ್ಬಿಯೊಳಗೆ ಒಂದೇ ಬೆರಳಿನ ಜಾಗ. ಅದೂ ಪಕ್ಕಕ್ಕೆ ಹೋಯಿತು.

ಮೂರನೆಯದು ಕಿರ್ರ್ ಎಂದು ಒಂದೇ ಸಮ ಹಾಡಿತು. ಹಲ್ಲು ಸಣ್ಣವು, ತಲೆಯೂ ಸಣ್ಣದು. ಡಬ್ಬಿಯೊಳಗೆ ನಟ್ಟು ಒಂದು ಸುತ್ತು ಸಡಿಲಾಯಿತು, ಎರಡನೆಯ ಸುತ್ತಿನಲ್ಲಿ ಥಟ್ಟನೆ ಬಿಗಿಯತೊಡಗಿತು. ರಂಗವ್ವ ಹುಬ್ಬು ಗಂಟಿಕ್ಕಿ ಬೆರಳಾಡಿಸಿದಳು. ದಿಕ್ಕು ಬದಲಿಸುವ ಬೆನ್ನಿನ ಸಣ್ಣ ಗುಂಡಿ ಪೈಪಿಗೆ ತಾಗಿ ತನ್ನಷ್ಟಕ್ಕೆ ಹೊರಳಿಬಿಟ್ಟಿತ್ತು.

"ಇದು ಒಳಗ ಹೋಗಿ ಮನಸ ಬದಲಾಸ್ತೈತ್ರಿ. ಬ್ಯಾರೆ ತೋರಸ್ರಿ."

ಹೊಳಬಸಪ್ಪನಿಗೆ ರೇಗಿತು. "ಏನವ್ವಾ, ಪಾನಾ ತಗೊಳ್ಳಾಕ ಬಂದೀಯೋ, ವರಾ ನೋಡಾಕ ಬಂದೀಯೋ?"

"ವರಾ ನೋಡಾಕ ಇಷ್ಟ ಹೊತ್ತ ನಮಗ ಯಾರ ಕೊಟ್ಟಿದ್ರಿ ಯಪ್ಪಾ?"

ಅಂಗಡಿಗೆ ಅಂಗಡಿಯೇ ನಕ್ಕಿತು. ಹೊಳಬಸಪ್ಪನೂ ನಗು ತಡೆಯಲಾರದೆ ಕೆಳಗೆ ಬಗ್ಗಿ, ಹಳೆಯ ಮಾಲಿನ ಪೆಟ್ಟಿಗೆಯಿಂದ ಕಿಲುಬು ಹಿಡಿದದ್ದೊಂದನ್ನು ತೆಗೆದ. "ಇದೊಂದ ಐತಿ ನೋಡು. ಮಿಲಿಟರಿ ಹರಾಜಿನ್ಯಾಗ ಬಂದದ್ದು. ದಿಕ್ಕ ಬದಲಾಸೂ ಗುಂಡೀನ ಇಲ್ಲ, ಯಾರೂ ಮೂಸಿ ನೋಡಿಲ್ಲ."

ಹಿಡಿಕೆ ಆಕೆಯ ಅಂಗೈಯಷ್ಟೇ ಉದ್ದ, ತಲೆ ರೂಪಾಯಿ ಬಿಲ್ಲೆಯಷ್ಟು. ಚೌಕದ ಮೂತಿಯನ್ನು ಒತ್ತಿದರೆ ಅದು ಆಚೆ ಬದಿಗೆ ಹೊರಬರುತ್ತಿತ್ತು. ಈ ಬದಿಗಿದ್ದರೆ ಬಿಚ್ಚಲು, ಆ ಬದಿಗಿದ್ದರೆ ಬಿಗಿಯಲು. ತಾನಾಗಿ ಹೊರಳುವ ಮಾತೇ ಇಲ್ಲ! ಸೀಮೆಎಣ್ಣೆ ಕೇಳಿ ತೊಳೆದಳು, ಒಂದು ಹನಿ ಎಣ್ಣೆ ಬಿಟ್ಟಳು, ಕಿವಿಗೆ ಹಿಡಿದು ತಿರುಗಿಸಿದಳು. ಜೋಳ ಮೊರದಲ್ಲಿ ಜಾರಿದಂತೆ ಸಣ್ಣ ಸದ್ದು. ಕೈ ಡಬ್ಬಿಯೊಳಗೆ ಹೋಯಿತು, ಕಣ್ಣು ಮುಚ್ಚಿತು. ಹಿಡಿಕೆ ಒಂದು ಬೆರಳು ಆಚೆ, ಒಂದು ಬೆರಳು ಈಚೆ. ನಟ್ಟು ಸುತ್ತಿಗೊಂದಿಷ್ಟು ಮೇಲೆ ಬಂತು. ಬೋಲ್ಟಿನ ಕೊನೆಯ ಎಳೆಗಳಲ್ಲಿ ನಟ್ಟು ಲೊಡಲೊಡ ಸಡಿಲಾಗಿದ್ದಾಗಲೂ, ಹಿಡಿಕೆ ವಾಪಸು ಬರುವಾಗ ಅದನ್ನು ತನ್ನೊಡನೆ ಹಿಂದಕ್ಕೆ ಎಳೆದು ತರಲಿಲ್ಲ. ಅಷ್ಟು ಹಗುರ ಅದರ ಮರುನಡೆ. ರಂಗವ್ವ ಕೈ ಹೊರತೆಗೆದಾಗ ನಟ್ಟು ಗೋಟಿಯ ಬಾಯಲ್ಲಿತ್ತು.

"ಸಿಕ್ತು! ಸಿಕ್ತ ನೋಡ್ರಿ!" ಎಂದು ಕೂಗಿಯೇಬಿಟ್ಟಳು. ಹೊಳಬಸಪ್ಪ ಹೊಸ ಕಾಗದದಲ್ಲಿ ಸುತ್ತಿ ಕೊಡುತ್ತೇನೆಂದರೂ ಕೇಳದೆ ಅದನ್ನು ಮುಷ್ಟಿಯಲ್ಲೇ ಹಿಡಿದು ಸ್ಟೇಶನ್ನಿನತ್ತ ಓಡಿದಳು. ಬಾದಾಮಿಯವರೆಗೂ ಮಡಿಲಲ್ಲಿಟ್ಟುಕೊಂಡು ಕಿರ್ ಕಿರ್ ಅನ್ನಿಸಿದ್ದೇ ಅನ್ನಿಸಿದ್ದು. ಎದುರಿಗೆ ಕೂತ ಅಜ್ಜ ಸಾಕಾಗಿ ಬೇರೆ ಬೋಗಿಗೆ ಎದ್ದು ಹೋದ.

ಶುಕ್ರವಾರ ಬೆಳಿಗ್ಗೆ ಮೂರು ನಟ್ಟು ಸಲೀಸಾಗಿ ಬಂದವು. ನಾಲ್ಕನೆಯದು ಕಚ್ಚಿಕೊಂಡಿತ್ತು. ಕಚ್ಚಿದ ನಟ್ಟನ್ನು ಸಣ್ಣ ರ‍್ಯಾಚೆಟ್ಟಿನಿಂದ ಸಡಿಲಿಸಲು ಹೋದರೆ ಒಳಗಿನ ಹಲ್ಲೇ ಮುರಿದಾವು ಎಂಬುದು ಇಬ್ಬರಿಗೂ ಗೊತ್ತು. ರಂಗವ್ವ ಅಂಗಾತ ಮಲಗಿ ಗಟ್ಟಿಯಾದ ಪಾನಾ ತೊಡಿಸಿ ಹಿಡಿದಳು. ಹುಲ್ಲಪ್ಪ ಮೇಲಿನಿಂದ ಸಂದಿಯಲ್ಲಿ ಸಲಾಕೆ ಇಳಿಸಿ, ಪಾನಾದ ತುದಿಗಿಟ್ಟು, ಎಡಗೈಯಿಂದ ಸುತ್ತಿಗೆ ಬೀಸಿದ. ಒಂದು ಏಟು, ಎರಡು. ಮೂರನೆಯದಕ್ಕೆ ನಟ್ಟು ಕುಂಯ್ ಎಂದು ಅಲುಗಿತು.

"ಸಡ್ಲಾತ್ರಿ!" ಎಂದಳು ರಂಗವ್ವ. ನಟ್ಟು ಕೆಳಗೆ ಬೀಳದಿರಲೆಂದು ಗೋಟಿಯೊಳಗೆ ಚೂರು ಮೇಣ ಮೆತ್ತಿ ರ‍್ಯಾಚೆಟ್ ಏರಿಸಿದಳು. ಕಿರ್ ಶುರುವಾಯಿತು. ಅಷ್ಟರಲ್ಲಿ ಲಾರಿಯ ಪಕ್ಕಕ್ಕೆ ಎರಡು ಚಪ್ಪಲಿಗಳು ಬಂದು ನಿಂತವು. ಈರಪ್ಪ ಸಾವಕಾರ ಹೊತ್ತಿಗೆ ಮುಂಚೆಯೇ ಬಂದಿದ್ದ. ಲಾರಿಯ ಕೆಳಗಿನಿಂದ ಇಳಕಲ್ ಸೀರೆಯ ಅಂಚು ಹೊರಗೆ ಕಾಣುತ್ತಿತ್ತು.

"ಹುಲ್ಲಪ್ಪ! ಏನಿದು? ನನ್ನ ಗಾಡಿಗೆ ಹೆಂಗಸಿನ ಕೈ ಹಚ್ಚಿಸೀಯೇನು? ಹೊರಗ ಬಾ ಅನ್ನು ಆಕಿಗೆ!"

ಕೆಳಗೆ ಕಿರ್ ನಿಂತಿತು. ಕದ್ದು ಮಾಡುತ್ತಿದ್ದ ಇಷ್ಟು ವರ್ಷದ ಕೆಲಸ ಬಯಲಾಗಿತ್ತು. ರಂಗವ್ವನಿಗೆ ಮೊದಲು ಭಯವಾಯಿತು, ಮರುಕ್ಷಣವೇ ಎಲ್ಲಿಂದಲೋ ಸಿಟ್ಟು ಉಕ್ಕಿ ಬಂತು.

"ಸಾವಕಾರ್ರ, ಅರ್ಧಾ ಬಿಚ್ಚೇನಿ. ಹೊರಗ ಬಾ ಅಂದ್ರ ಬರ್ತೇನಿ, ಉಳಿದದ್ದು ನೀವ ಬಿಚ್ಚಕೋರಿ. ಬಸವಣ್ಣನ ಒಕ್ಕಲಾಗಿ ಕಾಯಕದಾಗೂ ಹೆಂಗಸು ಗಂಡಸು ಅಂತೀರೇನು?"

ಈರಪ್ಪನ ಉತ್ತರಕ್ಕೆ ಕಾಯದೆ ಕಿರ್ ಮತ್ತೆ ಹೊರಟಿತು. ಹತ್ತು ಎಣಿಸುವಷ್ಟರಲ್ಲಿ ಮಸಿ ಮೆತ್ತಿದ ಕೈಯೊಂದು ಲಾರಿಯ ಕೆಳಗಿನಿಂದ ಹೊರಗೆ ಬಂತು. ಅಂಗೈಯಲ್ಲಿ ನಾಲ್ಕನೆಯ ನಟ್ಟು! ಹುಲ್ಲಪ್ಪ ಎಳೆಯ ಹುಡುಗನಂತೆ ಒಂದು ಸಲ ಜಿಗಿದೇಬಿಟ್ಟ.

ಹೊಸ ಪ್ಯಾಕಿಂಗು ಕೂತಿತು. ನಟ್ಟನ್ನು ಬೆರಳಿನಿಂದ ಎಳೆಗೆ ಹತ್ತಿಸಿ, ಚೌಕದ ಮೂತಿಯನ್ನು ಆಚೆ ಬದಿಗೆ ಒತ್ತಿ ಬಿಗಿದದ್ದೂ ಆಯಿತು. ಎಂಜಿನ್ ಗುಡುಗಿತು. ಈರಪ್ಪ ಪಂಪಿನ ಕೆಳಗೆ ಒಂದು ಹಾಳೆ ಹಾಸಿ, ಅದನ್ನೇ ನೋಡುತ್ತ ಕುಕ್ಕರುಗಾಲಲ್ಲಿ ಕೂತ. ರಂಗವ್ವ ಕಂಬಕ್ಕೆ ಒರಗಿ ನಿಂತಳು, ಕೈ ತೊಳೆಯಲು ಹೋಗಲಿಲ್ಲ. ಬಿಸಿಲು ತಗಡಿನ ನೆತ್ತಿಗೆ ಏರುವವರೆಗೂ ಎಂಜಿನ್ ಓಡಿತು. ಹಾಳೆಯ ಮೇಲೆ ಒಂದು ಹನಿ ಬೀಳಲಿಲ್ಲ.

ಈರಪ್ಪ ಎದ್ದು ಧೋತರ ಕೊಡವಿಕೊಂಡು ಹುಲ್ಲಪ್ಪನ ಕಡೆ ತಿರುಗಿದ. "ಉಳಿದ ಎರಡ ಗಾಡೀನೂ ತೋರಸೂದೈತಿ. ಯಾವಾಗ ಕಳಿಸ್ಲಿ?"

"ನನ್ನ ಯಾಕ ಕೇಳ್ತೀರಿ?" ಎಂದ ಹುಲ್ಲಪ್ಪ. "ಕೆಲಸ ಮಾಡೂ ಮಿಸ್ತ್ರಿ ಅಲ್ಲಿ ನಿಂತಾಳ. ಕೇಳ್ರಿ."

ಈರಪ್ಪ ನೆಲ ನೋಡಿದ, ಲಾರಿ ನೋಡಿದ, ಕೊನೆಗೆ ಬೇರೆ ದಾರಿ ಕಾಣದೆ ಆಕೆಯನ್ನು ನೋಡಿದ. "ಯಾವಾಗ ಕಳಿಸ್ಲಿರಿ ಮಿಸ್ತ್ರಿ?"

ರಂಗವ್ವನಿಗೆ ಕಣ್ಣು ತುಂಬಿ ಬಂದವು. ಮಸಿಗೈಯಿಂದಲೇ ಒರೆಸಿಕೊಂಡಳು, ಕೆನ್ನೆಯ ಮೇಲೆ ಕಪ್ಪು ಗೀರು ಬಿತ್ತು.

"ಸೋಮವಾರ ಒಂದು, ಬುಧವಾರ ಒಂದು ಕಳಸ್ರಿ" ಎಂದಳು. "ಎಂಜಿನ್ ತೊಳಿಸಿ ಕಳಸ್ರಿ ಸಾವಕಾರ್ರ. ಕೆಸರ ಮೆತ್ತಿದ ಗಾಡಿಗೆ ನಾ ಕೈ ಹಾಕಂಗಿಲ್ಲ."

"ತೊಳಿಸೇ ಕಳಸ್ತೇನ್ರಿ" ಎಂದ ಈರಪ್ಪ.